ನೂರಡಿಗೆ ಯಾವ ಬಣ್ಣ?

ಮುಂಗಾರು ಶುರುವಾಯ್ತು ಅಂದ್ರೆ ಮಂಡ್ಯ ಕಡೆಯವರ ಫೋನ್‌ಗಳಲ್ಲಿ ಗುಡ್ ಮಾರ್ನಿಂಗ್ ಹೂವಿನ ಜೊತೆ ಇನ್ನೊಂದು ಮೆಸೇಜೂ ಓಡಾಡುತ್ತೆ. ಕೆಆರ್‌ಎಸ್ ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಗರಿಷ್ಠ ಮಟ್ಟ 124.80 ಅಡಿ ಅನ್ನೋದು ನಮ್ಮ ಕಡೆ ಮಕ್ಕಳಿಗೂ ಬಾಯಿಪಾಠ. ಬೇರೆ ಊರಿನವರು ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ನಮ್ಮವರು "ಕಟ್ಟೆ ಎಷ್ಟಾಗಿದೆ?" ಅಂತ ಕೇಳ್ತಾರೆ.

ನಾನು ಬೆಂಗಳೂರಲ್ಲಿ ಹೊಟ್ಟೆಪಾಡಿಗೆ ಮಾಡೋದು ಅಂಕಿಗಳನ್ನ ಚಾರ್ಟ್ ಮಾಡಿ ತೋರಿಸೋ ಕೆಲಸ. ಹಾಗಾಗಿ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಕಟ್ಟೆಯ ಚಾರ್ಟ್ ಬರೆದುಕೊಡೋ ಜವಾಬ್ದಾರಿ ತಾನಾಗೇ ನನ್ನ ಪಾಲಿಗೆ ಬಂತು. ಗ್ರೂಪಲ್ಲಿ ನಾಲ್ಕು ತಾಲ್ಲೂಕಿನವರಿದ್ದಾರೆ. ಶ್ರೀರಂಗಪಟ್ಟಣದ ಚಿಕ್ಕಮ್ಮ, ಪಾಂಡವಪುರದ ಸೋದರಮಾವ, ಕೆ.ಆರ್. ಪೇಟೆಯ ಭಾವ, ನಾಗಮಂಗಲದ ದೊಡ್ಡಮ್ಮ. ಈ ವಾರದ ಅಂಕಣ ಆ ಚಾರ್ಟಿನ ಬಣ್ಣದ ಬಗ್ಗೆ. ಆಫೀಸಲ್ಲಿ ಸೇಲ್ಸ್ ರಿಪೋರ್ಟೋ ಹಾಜರಾತಿ ಡ್ಯಾಶ್‌ಬೋರ್ಡೋ ಮಾಡೋ ನಿಮಗೂ ಇದು ಉಪಯೋಗಕ್ಕೆ ಬರುತ್ತೆ, ಯಾಕಂದ್ರೆ ತೊಂದರೆ ಎಲ್ಲಾ ಕಡೆ ಒಂದೇ.

ಮೊದಲು ತಂತ್ರದ ಮಾತು ಮುಗಿಸಿಬಿಡೋಣ, ಅದು ನಿಜಕ್ಕೂ ಚಿಕ್ಕದು. ಪೈಥಾನ್‌ನಲ್ಲಿ ಚಾರ್ಟ್ ಬರೆಯೋಕೆ ಹೆಚ್ಚಿನವರು ಬಳಸೋದು ಮ್ಯಾಟ್‌ಪ್ಲಾಟ್‌ಲಿಬ್. ಬ್ರೌಸರ್‌ನಲ್ಲಿ ತೋರಿಸೋದಾದ್ರೆ ಚಾರ್ಟ್ ಡಾಟ್ ಜೆಎಸ್ ಇದೆ, ಇನ್ನೂ ಹೆಚ್ಚು ಹಿಡಿತ ಬೇಕಂದ್ರೆ 2011ರಲ್ಲಿ ಬಂದ ಡಿ3 ಇದೆ. ಚಾರ್ಟ್ ಡಾಟ್ ಜೆಎಸ್, ಡಿ3 ಎರಡರಲ್ಲೂ ಬಣ್ಣ ಕೊಡೋಕೆ ಎರಡು ದಾರಿ. ಒಂದು, "ಎಲ್ಲಾ ಕಂಬಕ್ಕೂ ನೀಲಿ" ಅಂತ ಬರೆದು ಬಿಡೋದು. ಇನ್ನೊಂದು, ಬಣ್ಣದ ಹೆಸರು ಬರೆಯೋ ಜಾಗದಲ್ಲಿ ಒಂದು ಫಂಕ್ಷನ್ ಕೊಡೋದು. ಅಂದ್ರೆ, "ನನ್ನನ್ನ ಕೇಳು, ಪ್ರತಿ ಕಂಬಕ್ಕೂ ಬಣ್ಣ ನಾನು ಹೇಳ್ತೀನಿ" ಅಂತ. ಚಾರ್ಟ್ ಡಾಟ್ ಜೆಎಸ್ ಪ್ರತಿಯೊಂದು ಕಂಬ ಬರೆಯುವಾಗಲೂ ಆ ಫಂಕ್ಷನ್ ಕರೆದು, ಇದು ಎಷ್ಟನೇ ಕಂಬ, ಇದರ ಬೆಲೆ ಎಷ್ಟು ಅಂತ ಕೈಗೆ ಕೊಡುತ್ತೆ. ನೀವು ಒಂದು ಬಣ್ಣ ವಾಪಸ್ ಕೊಡ್ತೀರಿ. ನಾಳೆ ಹೊಸ ಅಂಕಿ ಬಂದು ಚಾರ್ಟ್ ಅಪ್‌ಡೇಟ್ ಆದ್ರೆ ಮತ್ತೆ ಕೇಳುತ್ತೆ. ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಕಂಬಗಳನ್ನ ಬರೆದ ಮೇಲೆ ಅವೆಲ್ಲಾ ಒಂದು ಪಟ್ಟಿಯಾಗಿ ವಾಪಸ್ ಸಿಗುತ್ತವೆ. ಒಂದೊಂದನ್ನೂ ಹಿಡಿದು ಬಣ್ಣ ಬಳಿಯಬಹುದು, ಇಲ್ಲಾ ಮೊದಲೇ ಬಣ್ಣಗಳ ಪಟ್ಟಿ ಮಾಡಿ ಒಟ್ಟಿಗೆ ಕೊಡಬಹುದು.

ಕೋಡ್ ಬರೆಯದವರು ಎಕ್ಸೆಲ್‌ನಲ್ಲಿ ಇದನ್ನೇ ಮಾಡೋಕೆ ಹೋಗಿ ತಲೆ ಕೆಡಿಸಿಕೊಳ್ತಾರೆ. ಕಂಡಿಷನಲ್ ಫಾರ್ಮ್ಯಾಟಿಂಗ್ ಸೆಲ್‌ಗೆ ಬಣ್ಣ ಹಾಕುತ್ತೆ, ಚಾರ್ಟಿಗೆ ಹಾಕಲ್ಲ. ದಾರಿ ಏನಂದ್ರೆ, ಒಂದೇ ಕಾಲಂ ಅನ್ನ ಇಫ್ ಫಾರ್ಮುಲಾ ಹಾಕಿ ಎರಡು ಮೂರು ಕಾಲಂ ಮಾಡೋದು. ಕಡಿಮೆ ಇದ್ದದ್ದು ಒಂದರಲ್ಲಿ, ಜಾಸ್ತಿ ಇದ್ದದ್ದು ಇನ್ನೊಂದರಲ್ಲಿ, ಉಳಿದ ಕಡೆ ಖಾಲಿ. ಒಂದೊಂದು ಕಾಲಂಗೂ ಒಂದೊಂದು ಬಣ್ಣ ಕೊಟ್ಟು, ಓವರ್‌ಲ್ಯಾಪ್ ನೂರು ಪರ್ಸೆಂಟ್ ಮಾಡಿದ್ರೆ ಒಂದೇ ಸಾಲಿನ ಕಂಬಗಳ ಹಾಗೆ ಕಾಣುತ್ತೆ. ಅಷ್ಟೇ.

ತಂತ್ರ ಅಷ್ಟೇ, ಆದ್ರೆ ಆ ಫಂಕ್ಷನ್ ಒಳಗೆ ಬರೆಯೋ ಒಂದು "ಇಫ್" ಇದೆಯಲ್ಲ, ಕಷ್ಟ ಇರೋದು ಅಲ್ಲಿ. ಎಷ್ಟಕ್ಕಿಂತ ಕೆಳಗಾದ್ರೆ ಕೆಂಪು? ನೂರಡಿ ಅಂತಿಟ್ಟುಕೊಳ್ಳೋಣ. ನೂರು ಅನ್ನೋದು ದುಂಡು ಸಂಖ್ಯೆ, ಪೇಪರ್‌ನವರಿಗೂ ಇಷ್ಟ, "ಶತಕ ದಾಟಿದ ಕೆಆರ್‌ಎಸ್" ಅಂತ ಹೆಡ್‌ಲೈನ್ ಬರುತ್ತೆ.

ಆದ್ರೆ ನೂರಡಿ ಅಂದ್ರೆ ಎಷ್ಟು ನೀರು? 124.80ರಲ್ಲಿ ನೂರು ಅಂದ್ರೆ ಶೇಕಡಾ 80. ಕಂಬ ಎತ್ತರಕ್ಕೆ ನಿಂತಿರುತ್ತೆ, ನೋಡಿದವರಿಗೆ ಕಟ್ಟೆ ಮುಕ್ಕಾಲಿಗಿಂತ ಜಾಸ್ತಿ ತುಂಬಿದೆ ಅನಿಸುತ್ತೆ. ನಿಜಕ್ಕೂ ಅಷ್ಟೊತ್ತಿಗೆ ಒಳಗೆ ಇರೋದು ಅರ್ಧಕ್ಕಿಂತ ಕಮ್ಮಿ ನೀರು. ಕೆಆರ್‌ಎಸ್‌ನ ಪೂರ್ತಿ ಸಾಮರ್ಥ್ಯ 49.45 ಟಿಎಂಸಿ, ಅದರ ದೊಡ್ಡ ಪಾಲು ಮೇಲಿನ ಇಪ್ಪತ್ತೈದು ಅಡಿಯಲ್ಲೇ ಕೂತಿದೆ. ಕಾರಣ ಅಡುಗೆಮನೆಯಲ್ಲೇ ಇದೆ: ಬಾಣಲೆಗೆ ನೀರು ಸುರಿದು ನೋಡಿ. ತಳದಲ್ಲಿ ಒಂದು ಇಂಚು ಏರೋಕೆ ಒಂದು ಲೋಟ ಸಾಕು, ಬಾಯಿ ಹತ್ತಿರ ಅದೇ ಒಂದು ಇಂಚಿಗೆ ನಾಲ್ಕೈದು ಲೋಟ ಬೇಕು. ಜಲಾಶಯವೂ ಹಾಗೇ, ಮೇಲೆ ಹೋದಂತೆ ಹಿನ್ನೀರು ಕೆ.ಆರ್. ಪೇಟೆ ಕಡೆಗೆಲ್ಲಾ ಅಗಲವಾಗಿ ಹರಡುತ್ತೆ. ಹಾಗಾಗಿ ಅಡಿಗೆ ಬಣ್ಣ ಕೊಡೋದು ಅಂದ್ರೆ ಬಾಣಲೆಯ ಆಳ ನೋಡಿ ಸಾರು ಎಷ್ಟು ಜನಕ್ಕೆ ಆಗುತ್ತೆ ಅಂತ ಹೇಳಿದ ಹಾಗೆ. ನನ್ನ ಚಾರ್ಟಲ್ಲಿ ಕಂಬದ ಎತ್ತರ ಟಿಎಂಸಿ. ಅಡಿ ಕೆಳಗೆ ಚಿಕ್ಕ ಅಕ್ಷರದಲ್ಲಿ ಇರುತ್ತೆ, ಯಾಕಂದ್ರೆ ಮಾತಾಡುವಾಗ ಎಲ್ಲರೂ ಹೇಳೋದು ಅಡಿಯನ್ನೇ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಲೀಟರ್ ಲೆಕ್ಕದಲ್ಲಿ ಸುಮಾರು 2,830 ಕೋಟಿ.

ಅಡಿಯ ಇನ್ನೊಂದು ತಮಾಷೆ ಕೇಳಿ. ಕೆಆರ್‌ಎಸ್‌ಗೆ 124.80 ಅಂತ ಅಳೆಯೋದು ತಳದಿಂದ. ಗೊರೂರಿನ ಹೇಮಾವತಿಗೆ ಪೂರ್ಣಮಟ್ಟ 2,922 ಅಡಿ, ಕಬಿನಿಗೆ 2,284, ಹಾರಂಗಿಗೆ 2,859, ಇವೆಲ್ಲಾ ಸಮುದ್ರಮಟ್ಟದಿಂದ. ನಾಲ್ಕನ್ನೂ ಒಂದೇ ಚಾರ್ಟಿಗೆ ಹಾಗೇ ಹಾಕಿದ್ರೆ ಎಲ್ಲಕ್ಕಿಂತ ದೊಡ್ಡ ಕಟ್ಟೆ ಇರುವೆ ಥರ ಮೂಲೆಯಲ್ಲಿ ಕೂತಿರುತ್ತೆ, 8.5 ಟಿಎಂಸಿಯ ಹಾರಂಗಿ ಆನೆ ಥರ ನಿಂತಿರುತ್ತೆ. ಟಿಎಂಸಿಯಲ್ಲಿ ಹಾಕಿದ್ರೆ ಮಾತ್ರ ಕೆಆರ್‌ಎಸ್ 49.45, ಹೇಮಾವತಿ 37.10, ಕಬಿನಿ 19.52 ಅಂತ ಸರಿಯಾದ ಸಾಲಲ್ಲಿ ನಿಲ್ಲುತ್ತವೆ.

ಸರಿ, ಟಿಎಂಸಿಗೆ ಬದಲಾಯಿಸಿದ್ದಾಯ್ತು. ಈಗ ಅರ್ಧಕ್ಕಿಂತ ಕಮ್ಮಿಯಾದ್ರೆ ಕೆಂಪು ಅನ್ನೋಣವಾ?

2023ರ ಸೆಪ್ಟೆಂಬರ್ ನೆನಪು ಮಾಡಿಕೊಳ್ಳಿ. ಮಳೆ ಕೈಕೊಟ್ಟಿತ್ತು, ಕಟ್ಟೆ ನೂರಡಿಗಿಂತ ಕೆಳಗೆ, ತಮಿಳುನಾಡಿಗೆ ನೀರು ಬಿಡೋ ಆದೇಶ, 23ಕ್ಕೆ ಮಂಡ್ಯ ಬಂದ್, 29ಕ್ಕೆ ಕರ್ನಾಟಕ ಬಂದ್. ಆಗ ನೂರಡಿ ಅನ್ನೋ ಅಂಕಿ ಕೇಳಿದ್ರೇ ಎದೆ ಧಸಕ್ಕನ್ನುತ್ತಿತ್ತು. ಮುಂದಿನ ವರ್ಷ ಜುಲೈನಲ್ಲಿ ಅದೇ ಕಟ್ಟೆ ಅದೇ ನೂರಡಿಗೆ ಬಂದಾಗ ಗ್ರೂಪಿನ ತುಂಬಾ ಕೈಮುಗಿಯೋ ಇಮೋಜಿ. ನೀರು ಅಷ್ಟೇ, ಮಟ್ಟ ಅಷ್ಟೇ, ಬೇರೆಯಾಗಿದ್ದು ತಾರೀಖು. ಜುಲೈನ ನೂರಡಿಗೆ ಮುಂದೆ ಇನ್ನೂ ಮಳೆ ಇದೆ. ಸೆಪ್ಟೆಂಬರ್ ಕೊನೆಯ ನೂರಡಿಗೆ ಮುಂದೆ ಬೇಸಿಗೆ ಇದೆ.

ಹಾಗಾಗಿ ಬಣ್ಣದ ಫಂಕ್ಷನ್‌ಗೆ ನೀರಿನ ಅಂಕಿಯ ಜೊತೆ ತಾರೀಖನ್ನೂ ಕೊಡಬೇಕು. ನಾನು ಮಾಡಿರೋದು ಇಷ್ಟು. ಹಿಂದಿನ ಹತ್ತು ವರ್ಷದಲ್ಲಿ ಇದೇ ದಿನ ಎಷ್ಟೆಷ್ಟು ನೀರಿತ್ತು ಅಂತ ಒಂದು ಪಟ್ಟಿ ಇಟ್ಟುಕೊಂಡು, ಆ ಹತ್ತು ಅಂಕಿಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಡುವಿನದ್ದನ್ನ ತಗೊಳ್ಳೋದು. ಅದನ್ನ ಮೀಡಿಯನ್ ಅಂತಾರೆ. ಸರಾಸರಿ ಯಾಕೆ ಬೇಡ ಅಂದ್ರೆ, 2023ರಂಥ ಒಂದು ಕೆಟ್ಟ ವರ್ಷ ಇಡೀ ಸರಾಸರಿಯನ್ನ ಕೆಳಗೆ ಎಳೆದುಬಿಡುತ್ತೆ. ಮೀಡಿಯನ್ ಅಷ್ಟು ಸುಲಭಕ್ಕೆ ಅಲ್ಲಾಡಲ್ಲ. ಇವತ್ತಿನ ನೀರು ಆ ನಡುವಿನ ಅಂಕಿಗಿಂತ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಅನ್ನೋದರ ಮೇಲೆ ಬಣ್ಣ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನವೂ ಜಲಾಶಯಗಳ ಅಂಕಿ ಕೊಡೋದರಿಂದ ಇದಕ್ಕೆ ಬೇಕಾದ ಸರಕಿಗೆ ಬರ ಇಲ್ಲ. ನಿಮ್ಮ ಸೇಲ್ಸ್ ಚಾರ್ಟಿಗೂ ಇದೇ ಮಾತು: ದೀಪಾವಳಿ ತಿಂಗಳನ್ನ ಆಷಾಢದ ಜೊತೆ ಹೋಲಿಸಿ ಹಸಿರು-ಕೆಂಪು ಬಳಿಯೋ ಡ್ಯಾಶ್‌ಬೋರ್ಡ್ ಯಾವ ಮೀಟಿಂಗಿನಲ್ಲೂ ಯಾರಿಗೂ ಏನೂ ಹೇಳಲ್ಲ.

ಇಷ್ಟಾದ ಮೇಲೆ ನಾಲ್ಕೂ ಮನೆಗೆ ಫೋನ್ ಮಾಡಿ, ಯಾವ ಬಣ್ಣ ಯಾವಾಗ ಬರಬೇಕು ಅಂತ ಕೇಳಿದೆ. ಆಫೀಸಲ್ಲಿ ಇದಕ್ಕೆ ಯೂಸರ್ ರಿಸರ್ಚ್ ಅಂತ ದೊಡ್ಡ ಹೆಸರಿದೆ.

ಪಾಂಡವಪುರದ ಮಾವ ನಕ್ಕರು. "ಅಯ್ಯೋ ಮಗಾ, ನೀಲಿ ಬಂದ್ರೇನು ಹಳ್ದಿ ಬಂದ್ರೇನು? ನಾಲೆಗ್ ನೀರ್ ಬಿಟ್ರಾ ಇಲ್ವಾ, ಅದ್ ಹೇಳು. ಭತ್ತದ್ ಒಟ್ಲು ಹಾಕ್ಬೇಕಾ ಬ್ಯಾಡ್ವಾ ಅಂತ ನಾನ್ ಅದ್ರಲ್ ತಿಳ್ಕೊತೀನಿ." ವಿಶ್ವೇಶ್ವರಯ್ಯ ನಾಲೆಯ ನೀರು ನಂಬಿದವರ ಲೆಕ್ಕ ಅದು. ಕಟ್ಟೆಯಲ್ಲಿ ನೀರಿದ್ರೂ ಕಟ್ಟು ಪದ್ಧತಿಯಲ್ಲಿ ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸ್ತಾರೆ. ಮಾವನಿಗೆ ಬೇಕಾದ್ದು ಜಲಾಶಯದ ಬಣ್ಣಕ್ಕಿಂತ ನಾಲೆಯ ಬಣ್ಣ.

ಶ್ರೀರಂಗಪಟ್ಟಣದ ಚಿಕ್ಕಮ್ಮಂದು ಪೂರ್ತಿ ಉಲ್ಟಾ. ಅವರ ಮನೆ ಹೊಳೆಗೆ ಹತ್ತಿರ. "ಕಟ್ಟೆ ತುಂಬ್ತು ಅಂತ ನೀವೆಲ್ಲ ಖುಷಿ ಪಡೋ ದಿನ ನಾವ್ ಕೆಳಗಿನ್ ರೂಮಿನ್ ಸಾಮಾನು ಮೇಲಕ್ಕೆ ಎತ್ತಿಡ್ತೀವಿ ಕಣೇ," ಅಂದರು. 2024ರ ಮುಂಗಾರಿನಲ್ಲಿ ಹೊರಹರಿವು ಲಕ್ಷ ಕ್ಯೂಸೆಕ್ ದಾಟಿದಾಗ ವೆಲ್ಲೆಸ್ಲಿ ಸೇತುವೆ ಹತ್ತಿರ ಹೊಳೆ ಹೇಗಿತ್ತು ಅಂತ ನೋಡಿದವರಿಗೆ ಗೊತ್ತು. 1804ರ ಸೇತುವೆ ಅದು. ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತೆ, ನದಿ ದಡದ ಗುಡಿಗಳ ಮೆಟ್ಟಿಲು ಮುಳುಗುತ್ತೆ. ಮಾವನಿಗೆ ಅತಿ ಒಳ್ಳೆಯ ದಿನ ಯಾವುದೋ ಅದೇ ಚಿಕ್ಕಮ್ಮನಿಗೆ ಎಚ್ಚರಿಕೆಯ ದಿನ. ಒಂದು ಕಂಬಕ್ಕೆ ಒಂದೇ ಬಣ್ಣ ಅಂದ್ರೆ ಇವರಿಬ್ಬರಲ್ಲಿ ಒಬ್ಬರಿಗೆ ಸುಳ್ಳು ಹೇಳಿದ ಹಾಗೇ.

ಕೆ.ಆರ್. ಪೇಟೆಯ ಭಾವ ಸಮಾಧಾನದ ಮನುಷ್ಯ. ತಮ್ಮ ಊರಿನ ನಾಲೆ ಬರೋದು ಗೊರೂರಿಂದ, ಹೇಮಾವತಿ ಎಡದಂಡೆಯಲ್ಲಿ ಅಂತ ನೆನಪಿಸಿದರು. ಅವರ ತಾಲ್ಲೂಕಿನ ಅಂಬಿಗರಹಳ್ಳಿ ಹತ್ತಿರವೇ ಹೇಮಾವತಿ, ಲಕ್ಷ್ಮಣತೀರ್ಥ ಬಂದು ಕಾವೇರಿಗೆ ಸೇರೋದು. ಹಿನ್ನೀರು ಕಣ್ಣೆದುರಿಗೇ ಇದೆ. ಆದ್ರೆ ಗದ್ದೆಗೆ ಬರೋ ನೀರು ಬೇರೆ ಕಟ್ಟೆಯದು. ಮಾತಿನ ಮಧ್ಯೆ ಅವರು ಹೇಳಿದ ಒಂದು ವಿಷಯ ನನಗೆ ಬಹಳ ಹಿಡಿಸಿತು. ಮುಳುಗಡೆಯಾದ ಹಳೇ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿ, ಅದನ್ನ ಎತ್ತಿ ಹೊಸ ಜಾಗದಲ್ಲಿ ಕಟ್ಟೋ ಮುಂಚೆ, ನೀರು ತೀರಾ ಕೆಳಗಿಳಿದ ವರ್ಷಗಳಲ್ಲಿ ಹೊರಗೆ ಕಾಣುತ್ತಿತ್ತು. ಗುಡಿ ಕಂಡ್ರೆ ಆ ವರ್ಷ ಬರ. ಅದಕ್ಕಿಂತ ಸ್ಪಷ್ಟವಾದ ಚಾರ್ಟ್ ನಾನು ಇವತ್ತಿನವರೆಗೂ ಬರೆದಿಲ್ಲ.

ಇನ್ನು ನಾಗಮಂಗಲದ ದೊಡ್ಡಮ್ಮ. "ನಿಮ್ ಕಟ್ಟೆ ತುಂಬುದ್ರೆ ನಮ್ ಬೋರಲ್ಲಿ ನೀರ್ ಬತ್ತದಾ?" ಬರಲ್ಲ. ರಾಗಿ, ಹುರುಳಿ, ಆಕಾಶ ನೋಡೋ ಬೇಸಾಯ. ಹೇಮಾವತಿಯ ನಾಗಮಂಗಲ ಶಾಖಾ ನಾಲೆ ಇದ್ರೂ ತಾಲ್ಲೂಕಿನ ಹೆಚ್ಚಿನ ಪಾಲು ಮಳೆಯನ್ನೇ ನಂಬಿದೆ. ಮಂಡ್ಯ ಜಿಲ್ಲೆ ಅಂದ ಕೂಡಲೇ ಬೆಂಗಳೂರಿನವರ ಕಣ್ಣಿಗೆ ಕಬ್ಬಿನ ಗದ್ದೆ ಬರುತ್ತೆ. ನಾಗಮಂಗಲದವರು ಆ ಚಿತ್ರದಲ್ಲಿ ಇರೋದೇ ಇಲ್ಲ. ಜಿಲ್ಲೆಗೆಲ್ಲಾ ಸೇರಿ ಒಂದು ನೀಲಿ ಕಂಬ ಬರೆದ್ರೆ ಅದು ದೊಡ್ಡಮ್ಮನ ಪಾಲಿಗೆ ಬರೀ ಅಲಂಕಾರ.

ಇವರ ಮಾತೆಲ್ಲಾ ಕೇಳಿದ ಮೇಲೆ ಚಾರ್ಟ್ ಹೀಗೆ ನಿಂತಿದೆ. ಕಂಬದ ಎತ್ತರ ಟಿಎಂಸಿ. ಒಳಗಿನ ಬಣ್ಣ, ಈ ತಾರೀಖಿನ ವಾಡಿಕೆಗಿಂತ ನೀರು ಹೆಚ್ಚೋ ಕಮ್ಮಿಯೋ ಅನ್ನೋದು. ಕಂಬದ ಅಂಚಿನ ಗೆರೆ ಮಾತ್ರ ಹೊರಹರಿವಿಗೆ ಸೇರಿದ್ದು: ಸಾಮಾನ್ಯ ದಿನ ಗೆರೆಯೇ ಇರಲ್ಲ, 50 ಸಾವಿರ ಕ್ಯೂಸೆಕ್ ದಾಟಿದ್ರೆ ಸಣ್ಣ ಕೆಂಪು ಗೆರೆ, ಲಕ್ಷ ದಾಟಿದ್ರೆ ದಪ್ಪ ಗೆರೆ. ಬಣ್ಣದ ಹಾಗೇ ಗೆರೆಯ ದಪ್ಪಕ್ಕೂ ಫಂಕ್ಷನ್ ಕೊಡಬಹುದು ಅನ್ನೋದು ಬಹಳ ಜನಕ್ಕೆ ಹೊಳೆಯಲ್ಲ. ಆ 50 ಸಾವಿರ, ಲಕ್ಷ ನಾನು ಇಟ್ಟುಕೊಂಡ ಗೆರೆಗಳು. ದಡದಲ್ಲಿರೋರು ಕೇಳಬೇಕಾದ್ದು ಕಾವೇರಿ ನೀರಾವರಿ ನಿಗಮ, ತಾಲ್ಲೂಕು ಆಡಳಿತದ ಎಚ್ಚರಿಕೆಯನ್ನೇ ಹೊರತು ನನ್ನ ಚಾರ್ಟನ್ನಲ್ಲ ಅಂತ ಕೆಳಗೆ ಬರೆದೂ ಇದ್ದೀನಿ. ಮೇಲೆ ಒಂದು ಪಟ್ಟಿಯಿಂದ ತಾಲ್ಲೂಕು ಆರಿಸಿಕೊಂಡ್ರೆ ಕಟ್ಟೆಯೇ ಬದಲಾಗುತ್ತೆ. ಕೆ.ಆರ್. ಪೇಟೆಗೆ ಹೇಮಾವತಿ ಮುಂದೆ ಬರುತ್ತೆ. ನಾಗಮಂಗಲಕ್ಕೆ ಮಳೆಯ ಚಾರ್ಟ್ ಮೊದಲು, ಕಟ್ಟೆ ಆಮೇಲೆ.

ಕೆಂಪು-ಹಸಿರು ಬಿಟ್ಟಿದ್ದೀನಿ. ಮೊದಲ ಕಾರಣ ಎಲ್ಲರಿಗೂ ಗೊತ್ತಿರಬೇಕಾದ್ದು: ಕೆಂಪು-ಹಸಿರು ಬೇರೆ ಬೇರೆಯಾಗಿ ಕಾಣದ ಗಂಡಸರು ನಮ್ಮ ನಿಮ್ಮ ಮನೆಯಲ್ಲೇ ಇರ್ತಾರೆ, ಎಷ್ಟೋ ಸಲ ಅವರಿಗೇ ಗೊತ್ತಿರಲ್ಲ. ಎರಡನೇದು ನನ್ನ ಹಟ. ನಮ್ಮಲ್ಲಿ ಕೆಂಪು ಅಂದ್ರೆ ಕುಂಕುಮ, ಬಾಗಿನದ ಮೊರದ ಮೇಲಿನ ಬಣ್ಣ. ನೀರಿಲ್ಲದ್ದಕ್ಕೆ ಬಣ್ಣ ಬೇಕಂದ್ರೆ ಒಣಗಿದ ಮಣ್ಣಿನ ಕಂದು ಇದೆಯಲ್ಲ. ಭೂಗೋಳಶಾಸ್ತ್ರಜ್ಞೆ ಸಿಂಥಿಯಾ ಬ್ರೂವರ್ ನಕ್ಷೆಗಳಿಗಾಗಿ ಮಾಡಿದ ಕಲರ್‌ಬ್ರೂವರ್‌ನಲ್ಲಿ ಕಂದಿನಿಂದ ಶುರುವಾಗಿ ನಡುವೆ ತಿಳಿಯಾಗಿ ನೀಲಿ-ಹಸಿರಿಗೆ ಹೋಗೋ ಒಂದು ಬಣ್ಣಮಾಲೆ ಇದೆ, ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೂ ಸಿಗುತ್ತೆ. ನಾನು ಅದನ್ನೇ ಹಾಕಿರೋದು. ಬಣ್ಣಮಾಲೆ ಆರಿಸೋದು ಸಣ್ಣ ವಿಷಯ ಅಂದ್ಕೋಬೇಡಿ. ಮ್ಯಾಟ್‌ಪ್ಲಾಟ್‌ಲಿಬ್ ಕೂಡ ವರ್ಷಗಟ್ಟಲೆ ಕಾಮನಬಿಲ್ಲಿನ ಥರದ ಜೆಟ್ ಅನ್ನೋದನ್ನ ಇಟ್ಟುಕೊಂಡಿತ್ತು. ಅಂಕಿ ಸ್ವಲ್ಪ ಬದಲಾದ್ರೂ ಅದರಲ್ಲಿ ಕಣ್ಣಿಗೆ ದೊಡ್ಡ ಗೆರೆ ಎದ್ದಹಾಗೆ ಕಾಣುತ್ತಿತ್ತು. 2017ರಲ್ಲಿ 2.0 ಆವೃತ್ತಿ ಬಂದಾಗ ಅದನ್ನ ತೆಗೆದು ವಿರಿಡಿಸ್ ಹಾಕಿದರು.

ಬಣ್ಣ ಮೆಲ್ಲಗೆ ಬದಲಾಗೋ ಮಾಲೆ ಬಳಸಿದ್ರೆ ಇನ್ನೊಂದು ಲಾಭ. ಗಡಿ ಹಾಕಿ ಎರಡೇ ಬಣ್ಣ ಇಟ್ರೆ, ನೀರು ಆ ಗಡಿಯ ಮೇಲೇ ಆಡೋ ದಿನಗಳಲ್ಲಿ ಇವತ್ತು ಹಸಿರು, ನಾಳೆ ಕೆಂಪು, ನಾಡಿದ್ದು ಮತ್ತೆ ಹಸಿರು. ಗ್ರೂಪಲ್ಲಿ ಸುಮ್ಮನೆ ಗಾಬರಿ. ಕಾಲು ಅಡಿ ವ್ಯತ್ಯಾಸಕ್ಕೆ ಅಷ್ಟೊಂದು ಗಲಾಟೆ ಬೇಡ.

ಗೆರೆ ಚಾರ್ಟ್ ಇಷ್ಟಪಡೋರಿಗೆ ಚಾರ್ಟ್ ಡಾಟ್ ಜೆಎಸ್‌ನಲ್ಲಿ ಸೆಗ್ಮೆಂಟ್ ಅಂತ ಒಂದು ಸೌಲಭ್ಯ ಇದೆ. ಒಂದು ದಿನದಿಂದ ಮುಂದಿನ ದಿನಕ್ಕೆ ಎಳೆಯೋ ಪ್ರತಿ ತುಂಡಿಗೂ ಬೇರೆ ಬಣ್ಣ ಕೊಡಬಹುದು, ಏರ್ತಾ ಇದ್ರೆ ಒಂದು, ಇಳೀತಾ ಇದ್ರೆ ಇನ್ನೊಂದು. ನಡುವೆ ಒಂದು ದಿನದ ಅಂಕಿ ಸಿಗದಿದ್ರೆ ಆ ತುಂಡನ್ನ ಚುಕ್ಕೆಚುಕ್ಕೆ ಗೆರೆ ಮಾಡಬಹುದು. ಇದನ್ನ ದಯವಿಟ್ಟು ಮಾಡಿ. ಅಂಕಿ ಇಲ್ಲದ ದಿನಕ್ಕೆ ಗಟ್ಟಿ ಗೆರೆ ಎಳೆಯೋದು ಅಂದ್ರೆ ಇಲ್ಲದ ಅಳತೆಯನ್ನ ಇದೆ ಅಂದ ಹಾಗೆ. ನೀರಿನ ವಿಷಯದಲ್ಲಿ ಜಗಳಗಳು ಅಂಥ ಕಡೆಯಿಂದಲೇ ಹುಟ್ಟೋದು. ಹಾಗೇ, ಫೋನ್‌ಗಳಲ್ಲಿ ಈಗ ಅರ್ಧ ಜನ ಡಾರ್ಕ್ ಮೋಡ್. ಕಡುನೀಲಿ ಕಂಬ ಕಪ್ಪು ಹಿನ್ನೆಲೆಯಲ್ಲಿ ಕಾಣೋದೇ ಇಲ್ಲ. ಫೋನ್ ಯಾವ ಮೋಡ್‌ನಲ್ಲಿದೆ ಅಂತ ಬ್ರೌಸರ್‌ನ ಕೇಳಿ, ಅದಕ್ಕೆ ತಕ್ಕ ಬಣ್ಣ ವಾಪಸ್ ಕೊಡೋ ಕೆಲಸವನ್ನೂ ಅದೇ ಫಂಕ್ಷನ್‌ಗೆ ವಹಿಸಿ.

2025ರ ಜೂನ್ 30ರಂದು ಮುಖ್ಯಮಂತ್ರಿಗಳು ಕೆಆರ್‌ಎಸ್‌ಗೆ ಬಾಗಿನ ಕೊಟ್ಟರು. ಕಟ್ಟೆ ಜೂನ್‌ನಲ್ಲೇ ತುಂಬಿದ್ದು ಅದೇ ಮೊದಲು. ಹತ್ತು ವರ್ಷದ ವಾಡಿಕೆಗೆ ಹೋಲಿಸಿ ಬಣ್ಣ ಕೊಡೋ ಚಾರ್ಟಿಗೆ ಅಂಥ ದಿನ ಒಂದು ಪರೀಕ್ಷೆ. ಮಾಲೆಯ ಕಟ್ಟಕಡೆಯ ಬಣ್ಣ ಅದಾಗಲೇ ಬಂದುಬಿಟ್ಟಿರುತ್ತೆ, ಅದರಾಚೆಗೆ ಬಣ್ಣ ಇಲ್ಲ. ಅದಕ್ಕೇ ಮಾಲೆಯ ಎರಡೂ ತುದಿಗೆ ಗಡಿ ಕಟ್ಟಿ, ಅಲ್ಲಿಂದಾಚೆ ಎಷ್ಟೇ ಇದ್ರೂ ಅದೇ ಬಣ್ಣ, ಪಕ್ಕದಲ್ಲಿ ಅಂಕಿ ಅಂತ ಮಾಡಬೇಕು.

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಓದುಗರು ಇದನ್ನೇ ತುಂಗಭದ್ರೆಗೆ ಮಾಡೋದಾದ್ರೆ ಒಂದು ಎಚ್ಚರ. ಅಲ್ಲಿ ಹೂಳು ತುಂಬಿ ತುಂಬಿ ಸಾಮರ್ಥ್ಯ ಈಗ 105.79 ಟಿಎಂಸಿ ಲೆಕ್ಕ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟ್ ಕೊಚ್ಚಿಹೋದ ಮೇಲೆ, 2025ರ ಮುಂಗಾರಿನಲ್ಲಿ ಗೇಟ್‌ಗಳ ಸುರಕ್ಷತೆಗೆ ಅಂತ ಸುಮಾರು 80 ಟಿಎಂಸಿಯಷ್ಟೇ ಹಿಡಿಯೋ ತೀರ್ಮಾನವಾಯ್ತು. ಆ ವರ್ಷಕ್ಕೆ "ತುಂಬಿದೆ" ಅನ್ನೋ ಮಾತಿನ ಅರ್ಥವೇ 80. ಹಾಗಾಗಿ ಪೂರ್ಣಮಟ್ಟ ಅನ್ನೋ ಅಂಕಿಯನ್ನ ಕೋಡಿನ ನಡುವೆ ಎಲ್ಲೋ ಹೂತಿಡಬೇಡಿ, ಅದಕ್ಕೊಂದು ಹೆಸರು ಕೊಟ್ಟು ಮೇಲೆ ಇಡಿ, ಪಕ್ಕದಲ್ಲಿ ಯಾವ ವರ್ಷದ್ದು ಅಂತಲೂ ಬರೆದಿಡಿ.